ನಗರ ಬಸ್ಸು ಬಿಡದಿ ದಾಟಿ ರಾಮನಗರಕ್ಕೆ ಬರಬೇಕು: ನಿಮ್ಮ ಅನುಭವ, ಅಭಿಪ್ರಾಯ ಹೇಳಿ

ರೇಷ್ಮೆಪೇಟೆಯವನು | ಭಾನುವಾರ, ಸಂಜೆ 6.15

ಹನ್ನೊಂದು ವರ್ಷಗಳಿಂದ ರಾಮನಗರದಲ್ಲಿ ಮಲಗಿ ಚಾಮರಾಜಪೇಟೆಯಲ್ಲಿ ದುಡಿಯುತ್ತಿದ್ದೇನೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತರ ಮೊದಲು ಮಗಳ ಮುಖ ಕಾಣುವುದಿಲ್ಲ. ಮರುಕ ಹುಟ್ಟಲಿ ಎಂದು ಇದನ್ನು ಬರೆಯುತ್ತಿಲ್ಲ. ನನ್ನ ಜೊತೆ ನಿಲ್ದಾಣದಲ್ಲಿ ನಿಲ್ಲುವ ಹೆಚ್ಚಿನವರ ದಿನಚರಿ ಹೀಗೆಯೇ ಇದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಸ್ಪತ್ರೆಗಳ ಆಯಾಗಳು, ಕಟ್ಟಡಗಳ ಕಾವಲುಗಾರರು, ಕಾಲೇಜಿನ ಹುಡುಗರು.

ಬೆಂಗಳೂರು ಮಹಾನಗರ ಸಾರಿಗೆಯ 226ರ ಸರಣಿಯ ಬಸ್ಸುಗಳು ಬಿಡದಿಯವರೆಗೆ ವರ್ಷಗಳಿಂದ ಓಡುತ್ತಿವೆ. ನಗರದ ಸಾಮಾನ್ಯ ಮಾಸಿಕ ಪಾಸು 2025ರ ಜನವರಿಯಲ್ಲಿ ದರ ಏರಿದ ಮೇಲೆ 1,200 ರೂಪಾಯಿ. ಬಿಡದಿಯಲ್ಲಿ ಮನೆ ಇರುವವರು ಆ ಒಂದು ಪಾಸಿನಲ್ಲಿ ತಿಂಗಳಿಡೀ ವೈಟ್‌ಫೀಲ್ಡ್‌ವರೆಗೂ ಓಡಾಡಬಹುದು. ಬಿಡದಿಯಿಂದ ರಾಮನಗರಕ್ಕೆ ಹದಿನೈದು ಕಿ.ಮೀ. ಆಸುಪಾಸು. ಆ ಹದಿನೈದು ಕಿ.ಮೀ. ಹಿಂದೆ ಮನೆ ಮಾಡಿದ ತಪ್ಪಿಗೆ ನಾನು ರಾಜ್ಯ ಸಾರಿಗೆ ನಿಗಮದ ಬೇರೆ ಪಾಸು ಕೊಳ್ಳಬೇಕು, ಅದರ ಬಸ್ಸಿಗೆ ಕಾಯಬೇಕು.

ಮೊದಲು ಇಷ್ಟು ಕಷ್ಟ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮೈಸೂರು, ಮಂಡ್ಯದ ಬಸ್ಸುಗಳೆಲ್ಲ ನಮ್ಮೂರಿನ ಪೇಟೆಯ ಮಧ್ಯದಲ್ಲೇ ಹಾದುಹೋಗುತ್ತಿದ್ದ ಕಾಲದಲ್ಲಿ ರಸ್ತೆಗೆ ಬಂದು ಕೈ ತೋರಿಸಿದರೆ ಯಾವುದೋ ಒಂದು ನಿಲ್ಲುತ್ತಿತ್ತು. ಹೊಸ ಹೆದ್ದಾರಿ ಬಂತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಊರುಗಳನ್ನೂ ಬೈಪಾಸ್ ಬಳಸಿಕೊಂಡು ಹೋಗುತ್ತದೆ. ದೂರದ ಬಸ್ಸುಗಳಲ್ಲಿ ಹಲವು ಈಗ ಊರೊಳಗೆ ಬರುವುದೇ ಇಲ್ಲ. ಮೈಸೂರಿಗೆ ಹೋಗುವವರಿಗೆ ಒಂದೂವರೆ ಗಂಟೆ ಉಳಿಯಿತು ಎಂದು ಎಲ್ಲರೂ ಸಂತೋಷಪಟ್ಟರು. ನಡುವಿನ ಊರಿನವರಿಗೆ ಕಳೆದದ್ದು ಎಷ್ಟು ಎಂದು ಯಾರೂ ಕೇಳಲಿಲ್ಲ.

2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಆ ಹೆಸರಿನ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ. ಬೆಂಗಳೂರು ಎಂದು ಕರೆದ ಮೇಲೆ ಬೆಂಗಳೂರಿನ ಬಸ್ಸನ್ನೂ ಕೊಡಿ ಎಂಬುದು ನನ್ನ ಬೇಡಿಕೆ. ಮೆಜೆಸ್ಟಿಕ್‌ನಿಂದ ರಾಮನಗರಕ್ಕೆ ಅರ್ಧ ಗಂಟೆಗೊಂದು ನಗರ ಬಸ್ಸು, ಅದೇ ಮಾಸಿಕ ಪಾಸು. ಇದರಲ್ಲಿ ಅಸಾಧ್ಯವಾದದ್ದು ಏನಿದೆ?

ಕೆಂಗೇರಿ ಉಪನಗರ | ಭಾನುವಾರ, ರಾತ್ರಿ 7.02

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನಗರದ ಒಳಗಿನವರ ಪಾಡನ್ನೂ ನೋಡಿ. ಮಹಾನಗರ ಸಾರಿಗೆಯ ಬಳಿ ಇರುವುದು ಸುಮಾರು 7,000 ಬಸ್ಸುಗಳು. ಒಂದು ಕೋಟಿ ಮೀರಿದ ಊರಿಗೆ ಅದು ಸಾಲದು. ನಮ್ಮ ಬಡಾವಣೆಯಿಂದ ಬನಶಂಕರಿಗೆ ಹೋಗಲು ನಾನು ಎಷ್ಟೋ ದಿನ ಮುಕ್ಕಾಲು ಗಂಟೆ ನಿಂತಿದ್ದೇನೆ. ಇರುವ ಬಸ್ಸುಗಳನ್ನು ಐವತ್ತು ಕಿ.ಮೀ. ಆಚೆ ಕಳುಹಿಸಿದರೆ ಇಲ್ಲಿ ಕಾಯುವ ಮುಕ್ಕಾಲು ಗಂಟೆ ಒಂದು ಗಂಟೆಯಾಗುತ್ತದೆ. ಮೊದಲು ಮನೆಯೊಳಗಿನವರಿಗೆ ಊಟ ಬಡಿಸಬೇಕಲ್ಲವೇ?

ರೇಷ್ಮೆಪೇಟೆಯವನು | ಭಾನುವಾರ, ರಾತ್ರಿ 7.20

ಮನೆಯೊಳಗಿನವರು ಯಾರು, ಹೊರಗಿನವರು ಯಾರು ಎಂಬುದೇ ನನ್ನ ಪ್ರಶ್ನೆ. ನಿಮ್ಮ ಬಡಾವಣೆಯ ಅಪಾರ್ಟ್‌ಮೆಂಟ್ ಕಾಯುವವರು, ಅಡುಗೆ ಮಾಡುವವರು, ಗಾರೆ ಕೆಲಸದವರು ಎಲ್ಲಿಂದ ಬರುತ್ತಾರೆ ಎಂದು ಒಮ್ಮೆ ವಿಚಾರಿಸಿ ನೋಡಿ. ನಗರದೊಳಗೆ ಬಾಡಿಗೆ ಕೊಡಲಾಗದೆ ನಾವು ದೂರ ಹೋದವರು. ದುಡಿಮೆ ಅಲ್ಲೇ ಇದೆ.

ನಿವೃತ್ತ ಸಂಚಾರ ನಿಯಂತ್ರಕ | ಭಾನುವಾರ, ರಾತ್ರಿ 9.48

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸುಗಳ ವೇಳಾಪಟ್ಟಿ ಬರೆದವನು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಚರಿತ್ರೆ, ಏಕೆಂದರೆ ಈ ಗಡಿ ಎಲ್ಲಿಂದ ಬಂತು ಎಂದು ತಿಳಿಯದೆ ಅದನ್ನು ಅಳಿಸುವ ಮಾತು ಆಡಬಾರದು. ಬೆಂಗಳೂರಿನಲ್ಲಿ ನಗರ ಬಸ್ಸು ಶುರುವಾದದ್ದು 1940ರಲ್ಲಿ, ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆಯಿಂದ. 1956ರಲ್ಲಿ ಸರ್ಕಾರ ಅದನ್ನು ತೆಗೆದುಕೊಂಡಿತು. ಹಳಬರು ಇಂದಿಗೂ ಬಿ.ಟಿ.ಎಸ್. ಬಸ್ಸು ಎನ್ನುತ್ತಾರಲ್ಲ, ಅದು ಆ ಕಾಲದ ಹೆಸರು. ಹೊರಗಿನ ಊರುಗಳ ಸಾರಿಗೆ 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ 120 ಬಸ್ಸುಗಳಿಂದ ಆರಂಭವಾಗಿತ್ತು, 1961ರಲ್ಲಿ ನಿಗಮವಾಯಿತು. ನಗರದ್ದು, ಊರುಗಳದ್ದು ಎರಡೂ ಬಹುಕಾಲ ಒಂದೇ ನಿಗಮದ ಅಡಿಯಲ್ಲಿ ಇದ್ದವು. ಬೇರೆ ಆದದ್ದು 1997ರ ಆಗಸ್ಟ್ 15ರಂದು. ಅಂದರೆ ನೀವು ದಿನವೂ ದಾಟುವ ಈ ಗೋಡೆಗೆ ಇನ್ನೂ ಮೂವತ್ತು ವರ್ಷ ತುಂಬಿಲ್ಲ. ಮೆಜೆಸ್ಟಿಕ್‌ನಲ್ಲಿ ನಗರದ ನಿಲ್ದಾಣ ಮತ್ತು ಹೊರ ಊರುಗಳ ನಿಲ್ದಾಣ ರಸ್ತೆಯ ಎರಡು ಬದಿಗಳಲ್ಲಿ ಎದುರುಬದುರು ನಿಂತಿರುವುದನ್ನು ಎಲ್ಲರೂ ನೋಡಿದ್ದೀರಿ. ಮೂಟೆ ಹೊತ್ತ ಮುದುಕಿ ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಆಗ ಹೇಳುವ ಸ್ಥಾನದಲ್ಲಿ ನಾನಿರಲಿಲ್ಲ.

ಈಗ ಲೆಕ್ಕ. ನಗರದ ಬಸ್ಸೊಂದು ಎರಡು ಪಾಳಿ ಸೇರಿ ದಿನಕ್ಕೆ ಸುಮಾರು 200 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಮೆಜೆಸ್ಟಿಕ್‌ನಿಂದ ರಾಮನಗರಕ್ಕೆ ಹೋಗಿ ಬಂದರೆ ಸುಮಾರು 100 ಕಿ.ಮೀ. ಅಂದರೆ ಇಡೀ ದಿನಕ್ಕೆ ಎರಡೇ ಸುತ್ತು. ಅರ್ಧ ಗಂಟೆಗೊಂದು ಬಸ್ಸು ಬೇಕಾದರೆ ಎಷ್ಟು ಬಸ್ಸು ಕಟ್ಟಿಹಾಕಬೇಕು ಎಂದು ನೀವೇ ಎಣಿಸಿ. ಮೇಲಾಗಿ ಚಾಲಕರಿಗೆ ಕಾನೂನಿನಂತೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟುವಷ್ಟರಲ್ಲಿ ಒಂದು ಗಂಟೆ ಹೋದರೆ ಎರಡನೆಯ ಸುತ್ತು ಮುಗಿಯುವ ಮೊದಲೇ ಪಾಳಿ ಮುಗಿಯುತ್ತದೆ. ನಡುದಾರಿಯಲ್ಲಿ ಬಸ್ಸು ಬಿಟ್ಟು ಇಳಿಯಲಾಗುತ್ತದೆಯೇ? ಹಾಗಾಗಿ ಮೇಲಿನವರು ಕೊನೆಯ ಟ್ರಿಪ್ ಅನ್ನೇ ಕತ್ತರಿಸುತ್ತಾರೆ. ನೀವು ರಾತ್ರಿ ಕಾಯುವ ಬಸ್ಸು ಬಾರದಿರುವುದಕ್ಕೆ ಬಹಳ ಸಲ ಇದೇ ಕಾರಣ.

ನನ್ನ ಸಲಹೆ ಬೇರೆ. ಬಸ್ಸು ಮೆಜೆಸ್ಟಿಕ್‌ಗೆ ಹೋಗುವುದೇ ಬೇಡ. ನೇರಳೆ ಮಾರ್ಗದ ಮೆಟ್ರೊ 2021ರಲ್ಲಿ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ. ರಾಮನಗರದಿಂದ ಕೆಂಗೇರಿ ಬಸ್ ಟರ್ಮಿನಲ್‌ವರೆಗೆ ಮಾತ್ರ ಬಸ್ಸು ಓಡಿಸಿ. ದೂರ ಮೂವತ್ತು ಕಿ.ಮೀ. ಸುಮಾರು, ಅದರಲ್ಲಿ ಹೆಚ್ಚಿನದು ಈಗ ಬಿಡುವಾಗಿರುವ ಹಳೆಯ ರಸ್ತೆ. ಅದೇ ಬಸ್ಸು, ಅದೇ ಸಿಬ್ಬಂದಿ ದಿನಕ್ಕೆ ಮೂರು ಸುತ್ತು ಹಾಕಬಲ್ಲರು. ಒಂದಿಷ್ಟು ಜಾಣತನದಿಂದ ಬರೆದರೆ ನಾಲ್ಕು. ಕೆಂಗೇರಿಯಲ್ಲಿ ನಗರ ಬಸ್ಸುಗಳ ದೊಡ್ಡ ನಿಲ್ದಾಣವಿದೆ, ಪಕ್ಕದಲ್ಲೇ ಮೆಟ್ರೊ ಇದೆ. ಕೆಂಗೇರಿ ಉಪನಗರದ ಗೆಳೆಯರ ಬಸ್ಸನ್ನೂ ಯಾರೂ ಕಸಿದಂತಾಗುವುದಿಲ್ಲ.

ಕೆಂಗೇರಿ ಉಪನಗರ | ಭಾನುವಾರ, ರಾತ್ರಿ 10.05

ಹಾಗಾದರೆ ನನ್ನ ವಿರೋಧವಿಲ್ಲ.

ಮಗ್ಗದ ಮನೆ | ಸೋಮವಾರ, ಬೆಳಿಗ್ಗೆ 6.40

ದೊಡ್ಡಬಳ್ಳಾಪುರದಿಂದ ಬರೆಯುತ್ತಿದ್ದೇನೆ. ನಮಗೆ ನಗರ ಬಸ್ಸು ಬಂದು ಬಹಳ ಕಾಲವಾಯಿತು. 285 ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ಅದು ಬಂದ ಮೇಲೆ ಊರು ಹೇಗೆ ಬದಲಾಯಿತು ಎಂದು ಹೇಳಿದರೆ ಈ ಚರ್ಚೆಗೆ ಉಪಯೋಗವಾದೀತು.

ನಮ್ಮದು ಸೀರೆ ನೇಯುವ ಮನೆ, ವಿದ್ಯುತ್ ಮಗ್ಗಗಳು. ನೂಲಿಗೆ, ಸೀರೆಯ ವ್ಯಾಪಾರಕ್ಕೆ ಚಿಕ್ಕಪೇಟೆಗೆ ಹೋಗಿ ಬರುವುದು ಮಾವನವರ ಕಾಲದಲ್ಲಿ ಒಂದು ಇಡೀ ದಿನದ ಕೆಲಸ. ನಗರ ಬಸ್ಸು ಮೇಲಿಂದ ಮೇಲೆ ಬರತೊಡಗಿದಾಗ ಮಧ್ಯಾಹ್ನ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬಹುದಾಯಿತು. ನಾನು ಪದವಿ ಓದಿದ್ದು ಯಲಹಂಕದಲ್ಲಿ, ಅದೂ ಆ ಬಸ್ಸಿನ ದೆಸೆಯಿಂದಲೇ. ಬೇಗ ಬಸ್ಸು ಸಿಗುತ್ತದೆ ಎಂಬ ಧೈರ್ಯವಿಲ್ಲದಿದ್ದರೆ ಅಪ್ಪ ಕಳುಹಿಸುತ್ತಿರಲಿಲ್ಲ. ಇನ್ನೊಂದು ಬದಿಯೂ ಇದೆ. ಬಾಡಿಗೆ ಏರಿತು. ಮಗ್ಗದಲ್ಲಿ ಕೂರುವ ಹುಡುಗರು ನಗರದ ಕೆಲಸಕ್ಕೆ ಹೊರಟುಹೋದರು. ಅದು ಬಸ್ಸಿನ ತಪ್ಪು ಎನ್ನಲಾರೆ, ಆದರೆ ಬಸ್ಸು ಬರುವಾಗ ಅದೂ ಜೊತೆಗೆ ಬರುತ್ತದೆ.

ಸಂಚಾರ ನಿಯಂತ್ರಕರ ಮಾತಿಗೆ ಒಂದು ತಕರಾರು ಇದೆ. ಕೆಂಗೇರಿಯಲ್ಲಿ ಇಳಿಸಿ ಮೆಟ್ರೊ ಹತ್ತಿಸುವ ಯೋಜನೆ ಕೇಳಲು ಚೆನ್ನಾಗಿದೆ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಮೆಟ್ರೊ ಉಚಿತವಲ್ಲ. 2025ರ ಫೆಬ್ರವರಿಯಲ್ಲಿ ಅದರ ದರ ಬೇರೆ ಏರಿದೆ, ಗರಿಷ್ಠ 90 ರೂಪಾಯಿ. ರಾಮನಗರದಿಂದ ಮೆಜೆಸ್ಟಿಕ್‌ಗೆ ನೇರ ಬಸ್ಸಿದ್ದರೆ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಖರ್ಚು ಸೊನ್ನೆ. ಕೆಂಗೇರಿಯಲ್ಲಿ ಇಳಿಸಿದರೆ ಆಕೆ ಮೆಟ್ರೊಗೆ ಹಣ ಕೊಡಬೇಕು, ಇಲ್ಲವೇ ಇನ್ನೊಂದು ಬಸ್ಸಿಗೆ ಕಾಯಬೇಕು. ಗಂಡಸರಿಗೆ ಸಮಯ ಉಳಿಸುವ ಯೋಜನೆ ಹೆಂಗಸರಿಗೆ ಹಣ ಕಳೆಯುವ ಯೋಜನೆ ಆಗಬಾರದು.

ನಿವೃತ್ತ ಸಂಚಾರ ನಿಯಂತ್ರಕ | ಸೋಮವಾರ, ಬೆಳಿಗ್ಗೆ 8.10

ತಾಯಿ, ಈ ಮಾತು ನನಗೆ ಹೊಳೆದಿರಲಿಲ್ಲ. ನಾನು ಬಸ್ಸಿನ ಕಿ.ಮೀ. ಎಣಿಸಿದೆ, ನೀವು ಹೆಣ್ಣುಮಗಳ ಪರ್ಸು ಎಣಿಸಿದಿರಿ. ನಿಮ್ಮ ಲೆಕ್ಕವೇ ಸರಿ.

ತಿದ್ದಿ ಹೇಳುತ್ತೇನೆ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳೂವರೆ, ಈ ಹೊತ್ತಿನಲ್ಲಿ ಕೆಲವು ಬಸ್ಸುಗಳು ನೇರವಾಗಿ ಕೆ.ಆರ್. ಮಾರುಕಟ್ಟೆ ಅಥವಾ ಮೆಜೆಸ್ಟಿಕ್‌ವರೆಗೂ ಹೋಗಲಿ. ಉಳಿದ ಹೊತ್ತು ಕೆಂಗೇರಿಯವರೆಗೆ ಸಾಕು. ಕೆಂಗೇರಿಯಲ್ಲಿ ಇಳಿದವರಿಗೆ ಮುಂದಿನ ನಗರ ಬಸ್ಸು ಅದೇ ಅಂಕಣದಲ್ಲಿ ನಿಂತಿರುವಂತೆ ಸಮಯ ಹೊಂದಿಸಬೇಕು. ಇದು ಕಷ್ಟದ ಕೆಲಸವಲ್ಲ, ಇಬ್ಬರು ನಿಯಂತ್ರಕರು ಪರಸ್ಪರ ಫೋನಿನಲ್ಲಿ ಮಾತಾಡಿದರೆ ಆಗುವ ಕೆಲಸ.

ಇನ್ನೊಂದು ವಿಷಯ. ಶಕ್ತಿ ಯೋಜನೆಯಲ್ಲಿ ಪ್ರತಿ ಹೆಣ್ಣುಮಗಳಿಗೂ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್‌ನಲ್ಲಿ ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು ಎಂಬುದಿರುತ್ತದೆ. ನಮ್ಮ ಕಾಲದಲ್ಲಿ ಅಂಥ ಮಾಹಿತಿ ಬೇಕಾದರೆ ಬಾಗಿಲ ಬಳಿ ಹುಡುಗರನ್ನು ನಿಲ್ಲಿಸಿ ಗೀಟು ಹಾಕಿಸಬೇಕಿತ್ತು. ಈಗ ಯಂತ್ರದಲ್ಲೇ ಇದೆ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಹೆಂಗಸರು ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂದು ಅದನ್ನು ಜೋಡಿಸಿ ನೋಡಿದರೆ ಮಾರ್ಗ ತಾನಾಗಿಯೇ ಕಾಣುತ್ತದೆ.

ಮಾಗಡಿ ಸೀಮೆಯ ಮೇಷ್ಟ್ರು | ಸೋಮವಾರ, ಮಧ್ಯಾಹ್ನ 1.25

ಶಾಲೆಯ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಪಟ್ಟಣದಿಂದ ನಗರಕ್ಕೆ ಹೋಗುವ ದಾರಿಯ ಮಾತಾಡುತ್ತಿದ್ದೀರಿ. ಹಳ್ಳಿಯಿಂದ ಪಟ್ಟಣಕ್ಕೆ ಬರುವ ದಾರಿಯನ್ನು ಯಾರಾದರೂ ನೆನೆಯಬೇಕು.

ನಮ್ಮ ಶಾಲೆ ಮುಖ್ಯರಸ್ತೆಯಿಂದ ಎಂಟು ಕಿ.ಮೀ. ಒಳಗಿದೆ. ದಿನಕ್ಕೆ ಮೂರು ಸಲ ಬಸ್ಸು ಬರುತ್ತದೆ. ಕೊನೆಯದು ರಾತ್ರಿ ಊರಿನಲ್ಲೇ ತಂಗುತ್ತದೆ; ಚಾಲಕ, ನಿರ್ವಾಹಕ ದೇವಸ್ಥಾನದ ಜಗುಲಿಯಲ್ಲೋ ಬಸ್ಸಿನೊಳಗೋ ಮಲಗುತ್ತಾರೆ. ಬೆಳಿಗ್ಗೆ ಅದೇ ಬಸ್ಸು ಕಾಲೇಜಿನ ಮಕ್ಕಳನ್ನು, ಹಾಲು, ಸೊಪ್ಪು, ಹೂವನ್ನು ಹೊತ್ತುಕೊಂಡು ಪೇಟೆಗೆ ಹೋಗುತ್ತದೆ. ಆ ಬಸ್ಸಿನಲ್ಲಿ ಹಣ ಹುಟ್ಟುವುದಿಲ್ಲ. ಹುಟ್ಟಲು ಸಾಧ್ಯವೂ ಇಲ್ಲ, ಅರ್ಧ ಜನ ವಿದ್ಯಾರ್ಥಿ ಪಾಸಿನವರು.

ಹಾಗಾದರೆ ಅದು ಓಡುವುದು ಹೇಗೆ? ಅದೇ ಘಟಕದ (ಡಿಪೋದ) ಬೇರೆ ಬಸ್ಸುಗಳು ಬೆಂಗಳೂರಿಗೆ ಹೋಗಿ ಬಂದು ತರುವ ಹಣದಿಂದ. ತಾಲ್ಲೂಕು ಕೇಂದ್ರದಿಂದ ನಗರಕ್ಕೆ ಹೋಗುವ ಮಾರ್ಗ ಆ ಘಟಕಕ್ಕೆ ಹಾಲು ಕರೆಯುವ ಹಸು. ಅದನ್ನು ನಗರ ಸಾರಿಗೆಯವರಿಗೆ ಕೊಟ್ಟುಬಿಟ್ಟರೆ ಘಟಕದಲ್ಲಿ ಉಳಿಯುವುದು ಹಳ್ಳಿಯ ಮಾರ್ಗಗಳು ಮಾತ್ರ. ನಷ್ಟ ಎಂಬ ಷರಾ ಬೀಳುತ್ತದೆ, ಮೂರು ಟ್ರಿಪ್ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಒಂದಾದ ವರ್ಷ ನನ್ನ ತರಗತಿಯಲ್ಲಿ ಹತ್ತನೆಯದನ್ನು ಮುಗಿಸಿದ ಹೆಣ್ಣುಮಕ್ಕಳು ಮುಂದೆ ಓದುವುದಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಹಿಂದೆ ಒಂದು ಸಲ ಸಂಜೆಯ ಬಸ್ಸು ನಿಂತಾಗ ನನ್ನ ಮೂವರು ವಿದ್ಯಾರ್ಥಿನಿಯರು ಕಾಲೇಜು ಬಿಟ್ಟರು. ಒಬ್ಬಳ ಮನೆಗೆ ನಾನೇ ಎರಡು ಸಲ ಹೋಗಿ ಬೇಡಿಕೊಂಡೆ. ಅವಳ ತಂದೆ ಕೇಳಿದ್ದು ಒಂದೇ ಪ್ರಶ್ನೆ: ‘ಕತ್ತಲಲ್ಲಿ ಎಂಟು ಕಿ.ಮೀ. ಅವಳನ್ನು ನಡೆಸಿಕೊಂಡು ಬರುವವರು ಯಾರು, ಮೇಷ್ಟ್ರೇ?’ ನನ್ನ ಬಳಿ ಉತ್ತರವಿರಲಿಲ್ಲ.

ನಗರ ಬಸ್ಸು ಬೇಡ ಎನ್ನುತ್ತಿಲ್ಲ. ಅದು ತಾಲ್ಲೂಕಿನ ಬಸ್ಸಿನ ಅನ್ನ ಕಸಿದು ಬರಬಾರದು.

ರೇಷ್ಮೆಪೇಟೆಯವನು | ಸೋಮವಾರ, ರಾತ್ರಿ 9.30

ಮೇಷ್ಟ್ರೇ, ಬರುವ ದಾರಿಯಲ್ಲಿ ನಿಮ್ಮ ಮಾತನ್ನು ಮೂರು ಸಲ ಓದಿದೆ. ನಾನು ಅರ್ಧ ಗಂಟೆಗೊಂದು ನಗರ ಬಸ್ಸು ಎಂದು ಬರೆದಾಗ ಮಾಯಗಾನಹಳ್ಳಿಯ ಒಳಗಿನ ಊರುಗಳಿಂದ ಬರುವವರನ್ನು ನೆನೆದಿರಲೇ ಇಲ್ಲ. ನನ್ನ ಅಕ್ಕನ ಮನೆ ಅಂಥದ್ದೇ ಒಂದು ಊರಿನಲ್ಲಿದೆ. ಇದನ್ನು ಯೋಚಿಸಿ ಮತ್ತೆ ಬರೆಯುತ್ತೇನೆ.

ಗಡಿಯಾಚೆಯ ಕನ್ನಡಿಗ | ಸೋಮವಾರ, ರಾತ್ರಿ 10.12

ನಿಮ್ಮ ಗಡಿ ಎರಡು ನಿಗಮಗಳ ನಡುವಿನದು. ನಮ್ಮದು ಎರಡು ರಾಜ್ಯಗಳ ನಡುವಿನದು. ನಾನು ಹೊಸೂರಿನವನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಮತ್ತು ತೆಲುಗು. ಬೆಂಗಳೂರಿಗೆ ಸುಮಾರು 40 ಕಿ.ಮೀ. ರಾಮನಗರಕ್ಕಿಂತ ಹತ್ತಿರ. ಬೆಳಿಗ್ಗೆ ಇಲ್ಲಿಂದ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋಗುವವರು ಎಷ್ಟೋ, ಅಲ್ಲಿಂದ ಹೊಸೂರಿನ ಕಾರ್ಖಾನೆಗಳಿಗೆ ಬರುವವರೂ ಅಷ್ಟೇ ಇದ್ದಾರೆ. ನಗರ ಬಸ್ಸುಗಳ ಸಾಲು ಅತ್ತಿಬೆಲೆಗೆ ಬಂದು ತಿರುಗುತ್ತದೆ. ಜೂಜುವಾಡಿಯಿಂದ ಈಚೆ ತಮಿಳುನಾಡು. ಒಂದು ರಾಜ್ಯದ ಬಸ್ಸು ಇನ್ನೊಂದರೊಳಗೆ ಓಡಬೇಕಾದರೆ 1988ರ ಮೋಟಾರು ವಾಹನ ಕಾಯ್ದೆಯ 88ನೆಯ ಕಲಮಿನಂತೆ ಎರಡೂ ಸರ್ಕಾರಗಳ ಒಪ್ಪಂದ ಬೇಕು. ಯಾವ ಮಾರ್ಗ, ಎಷ್ಟು ಬಸ್ಸು, ಎಷ್ಟು ಟ್ರಿಪ್ ಎಂದು ಅದರಲ್ಲಿ ಬರೆಯಬೇಕು. ಒಂದು ಟ್ರಿಪ್ ಹೆಚ್ಚಿಸುವುದಕ್ಕೂ ಎರಡು ರಾಜಧಾನಿಗಳು ಒಪ್ಪಬೇಕು.

2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಹಬ್ಬದಂತಿತ್ತು. ಈಗ ಹೊಸೂರಿನಿಂದ ಬೊಮ್ಮಸಂದ್ರದ ನಿಲ್ದಾಣಕ್ಕೆ ಒಂದು ಸಣ್ಣ ಬಸ್ಸು ಹತ್ತು ನಿಮಿಷಕ್ಕೊಂದು ಓಡಿದರೆ ಸಾಕು. ಅದು ಕರ್ನಾಟಕದ್ದಾಗಲಿ, ತಮಿಳುನಾಡಿನದ್ದಾಗಲಿ, ನಮಗೆ ಬಣ್ಣ ಮುಖ್ಯವಲ್ಲ.

ಪ್ಯಾಸೆಂಜರ್ ಗಾಡಿ | ಮಂಗಳವಾರ, ಬೆಳಿಗ್ಗೆ 7.33

ಚನ್ನಪಟ್ಟಣದಿಂದ ರೈಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಹಳಿ ಎರಡಾಯಿತು, ವಿದ್ಯುತ್ ಬಂತು. ರಾಮನಗರ, ಕೇತೋಹಳ್ಳಿ, ಬಿಡದಿ, ಹೆಜ್ಜಾಲ, ಕೆಂಗೇರಿ ಎಲ್ಲದರಲ್ಲೂ ನಿಲ್ದಾಣವಿದೆ. ರೈಲಿನ ಮಾಸಿಕ ಪಾಸಿನಷ್ಟು ಅಗ್ಗ ಯಾವುದೂ ಇಲ್ಲ. ಕೊರತೆ ಇರುವುದು ಗಾಡಿಗಳ ಸಂಖ್ಯೆಯಲ್ಲಿ, ಮತ್ತು ನಿಲ್ದಾಣದಿಂದ ಮನೆಗೆ ಹೋಗುವ ಕೊನೆಯ ಮೂರು ನಾಲ್ಕು ಕಿ.ಮೀ.ನಲ್ಲಿ. ನಗರ ಬಸ್ಸನ್ನು ಹೆದ್ದಾರಿಯ ಉದ್ದಕ್ಕೂ ಎಳೆಯುವ ಬದಲು ರೈಲು ನಿಲ್ದಾಣಕ್ಕೆ ಬಸ್ಸು ಕೊಡಿ ಎಂದು ನಾನು ಕೇಳುತ್ತೇನೆ. ಉಪನಗರ ರೈಲಿನ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗಕ್ಕೆ ಪಾರಿಜಾತ ಎಂದು ಹೆಸರಿಟ್ಟಿದ್ದಾರೆ. ಅದು ಬರುವ ದಿನ ಬಸ್ಸುಗಳು ಹಳಿಯ ಕಡೆ ಮುಖ ಮಾಡಿ ನಿಂತಿರಬೇಕು.

ಮಗ್ಗದ ಮನೆ | ಮಂಗಳವಾರ, ಬೆಳಿಗ್ಗೆ 8.01

ರೈಲಿನಲ್ಲಿ ಹೋಗುವವರಿಗೆ ರೈಲು ಒಳ್ಳೆಯದು. ಆದರೆ ಒಂದು ಗಾಡಿ ತಪ್ಪಿದರೆ ಇನ್ನೊಂದಕ್ಕೆ ಎಷ್ಟು ಹೊತ್ತು? ಕಾರ್ಖಾನೆಯ ಪಾಳಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಬಸ್ಸಿನ ಬಲ ಇರುವುದು ಮತ್ತೊಂದು ಬರುತ್ತದೆ ಎಂಬ ನಂಬಿಕೆಯಲ್ಲಿ.

ಮಾಟುಂಗದಿಂದ | ಮಂಗಳವಾರ, ಮಧ್ಯಾಹ್ನ 12.50

ಮುಂಬೈಯಲ್ಲಿ ನಲವತ್ತು ವರ್ಷವಾಯಿತು. ಊರು ಕುಂದಾಪುರದ ಕಡೆ. ಇಲ್ಲಿ ನಗರಪಾಲಿಕೆಯ ಬೆಸ್ಟ್ ಬಸ್ಸುಗಳು ಠಾಣೆ, ನವಿ ಮುಂಬೈ, ಮೀರಾ–ಭಾಯಂದರ್‌ಗೆ ಹೋಗುತ್ತವೆ. ಠಾಣೆ, ನವಿ ಮುಂಬೈಯವರಿಗೆ ತಮ್ಮದೇ ಬಸ್ಸುಗಳೂ ಇವೆ, ಅವು ಮುಂಬೈಯೊಳಗೆ ಬರುತ್ತವೆ. ಒಂದೇ ರಸ್ತೆಯಲ್ಲಿ ಮೂರು ಸಂಸ್ಥೆಗಳ ಬಸ್ಸು ಓಡಿದರೂ ಆಕಾಶ ಕಳಚಿ ಬಿದ್ದಿಲ್ಲ. ಆದರೆ ಪಾಸು ಮಾತ್ರ ಒಂದೊಂದಕ್ಕೆ ಒಂದೊಂದು. ಕೈಯಲ್ಲಿ ಒಂದು ಸಂಸ್ಥೆಯ ಪಾಸು ಇದ್ದಾಗ ಕಣ್ಣ ಮುಂದೆ ಇನ್ನೊಂದರ ಖಾಲಿ ಬಸ್ಸು ಹೋಗುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಬಸ್ಸು ಯಾರದು ಎಂಬ ಜಗಳ ಬಿಡಿ. ಪಾಸು ಒಂದಾಗಲಿ ಎಂದು ಹಟ ಹಿಡಿಯಿರಿ.

ಕಾನೂನು ವಿದ್ಯಾರ್ಥಿನಿ | ಮಂಗಳವಾರ, ಸಂಜೆ 4.40

ಮೇಲಿನ ಮಾತಿಗೆ ಎರಡು ಆಧಾರ ಸೇರಿಸುತ್ತೇನೆ.

ರಾಮನಗರವನ್ನು ಬೆಂಗಳೂರಿನ ಜೊತೆ ಸೇರಿಸಿ ನೋಡುವ ನಕ್ಷೆ ಈಗಾಗಲೇ ಇದೆ. ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1985ರದ್ದು. ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಜಿಲ್ಲೆಗಳ ಸುಮಾರು 8,000 ಚದರ ಕಿ.ಮೀ. ಅದರ ವ್ಯಾಪ್ತಿ. ಬಡಾವಣೆಗೆ ಅನುಮೋದನೆ ಕೊಡುವಾಗ ಒಂದೇ ಪ್ರದೇಶ, ಬಸ್ಸು ಕೊಡುವಾಗ ಬೇರೆ ಪ್ರದೇಶ ಎಂಬುದು ನ್ಯಾಯವಲ್ಲ.

ಎರಡನೆಯದು, 2022ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ. ಬಸ್ಸು, ಮೆಟ್ರೊ, ರೈಲು, ರಸ್ತೆ ಇವುಗಳನ್ನು ನೋಡಿಕೊಳ್ಳುವ ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದೇ ಅದರ ಉದ್ದೇಶ. ಒಂದೇ ಪಾಸಿನ ಬೇಡಿಕೆಯನ್ನು ಒಂದು ನಿಗಮಕ್ಕೆ ಮಾತ್ರ ಬರೆದರೆ, ಇದು ನಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಬರುತ್ತದೆ. ಈ ಪ್ರಾಧಿಕಾರಕ್ಕೂ ಬರೆಯಬೇಕು.

ನಿವೃತ್ತ ಸಂಚಾರ ನಿಯಂತ್ರಕ | ಮಂಗಳವಾರ, ರಾತ್ರಿ 8.55

ಒಂದೇ ಪಾಸು ಎಂದಾಗ ನಮ್ಮ ಕಾಲದಲ್ಲಿ ಎದುರಾಗುತ್ತಿದ್ದ ಮೊದಲ ಪ್ರಶ್ನೆ, ಹಣ ಹಂಚುವುದು ಹೇಗೆ? ಪಾಸು ತೋರಿಸಿ ಹತ್ತಿದವನು ಯಾರ ಬಸ್ಸಿನಲ್ಲಿ ಎಷ್ಟು ದೂರ ಹೋದ ಎಂದು ಕಾಗದದ ಪಾಸು ಹೇಳುತ್ತಿರಲಿಲ್ಲ. ಆಗ ಅದು ನಿಜವಾದ ತೊಡಕು. ಈಗ ನಿರ್ವಾಹಕರ ಯಂತ್ರದಲ್ಲಿ ಮೊಬೈಲ್‌ನಿಂದ ಹಣ ಕೊಡಬಹುದು. ಹತ್ತುವಾಗ ಪಾಸನ್ನು ಆ ಯಂತ್ರಕ್ಕೆ ತೋರಿಸಿದರೆ ತಿಂಗಳ ಕೊನೆಯಲ್ಲಿ ಯಾರಿಗೆ ಎಷ್ಟು ಎಂದು ಲೆಕ್ಕ ಸಿಗುತ್ತದೆ. ಮನಸ್ಸು ಮಾಡಬೇಕು, ಅಷ್ಟೇ.

ಮೇಷ್ಟ್ರ ಆತಂಕಕ್ಕೂ ಇದರಲ್ಲೇ ಉತ್ತರವಿದೆ. ಮಾರ್ಗವನ್ನು ತಾಲ್ಲೂಕಿನ ಘಟಕದಿಂದ ಕಿತ್ತುಕೊಳ್ಳಬೇಕಾಗಿಯೇ ಇಲ್ಲ. ರಾಮನಗರದ ಘಟಕದ ಬಸ್ಸೇ ಬೆಂಗಳೂರಿಗೆ ಓಡಲಿ, ನಗರದ ಪಾಸು ಅದರಲ್ಲಿ ನಡೆಯಲಿ, ಪಾಸಿನ ಪಾಲು ಆ ಘಟಕಕ್ಕೆ ಹೋಗಲಿ. ಆ ಬಸ್ಸುಗಳು ಸಾಲದ ಹೊತ್ತಿಗೆ ನಗರ ಸಾರಿಗೆಯ ಬಸ್ಸು ಬಂದು ಕೈಜೋಡಿಸಲಿ. ಹಸು ತಾಲ್ಲೂಕಿನಲ್ಲೇ ಇರುತ್ತದೆ.

ಒಂದು ಎಚ್ಚರಿಕೆ ಹೇಳಬೇಕು. ನಗರ ಬಸ್ಸಿನ ಮೈಕಟ್ಟು ಬೇರೆ. ನಿಲ್ಲುವವರಿಗೆ ಜಾಗ ಹೆಚ್ಚು, ಆಸನ ಕಡಿಮೆ, ಸಾಮಾನು ಇಡಲು ಸ್ಥಳವಿಲ್ಲ. ಐವತ್ತು ಕಿ.ಮೀ. ನಿಂತು ಹೋಗುವುದು ಎಂದರೆ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದ ಹೆಣ್ಣುಮಗಳಿಗೆ ದೊಡ್ಡ ಶಿಕ್ಷೆ. ಆ ದೂರಕ್ಕೆ ಆಸನ ಹೆಚ್ಚಿರುವ ಬಸ್ಸೇ ಬೇಕು.

ಮಾಗಡಿ ಸೀಮೆಯ ಮೇಷ್ಟ್ರು | ಮಂಗಳವಾರ, ರಾತ್ರಿ 9.20

ಹಾಗಾದರೆ ನನ್ನ ಸಹಿ ಇದೆ. ಒಂದು ಸಾಲು ಮಾತ್ರ ಸೇರಿಸಿ: ಈ ಬದಲಾವಣೆಯಿಂದ ಹಳ್ಳಿಗಳ ಯಾವ ಟ್ರಿಪ್ ಕೂಡ, ಮುಖ್ಯವಾಗಿ ರಾತ್ರಿ ತಂಗುವ ಬಸ್ಸು, ರದ್ದಾಗಬಾರದು.

ರೇಷ್ಮೆಪೇಟೆಯವನು | ಬುಧವಾರ, ರಾತ್ರಿ 9.45

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ನಗರದ ಬಸ್ಸು ನಮ್ಮೂರಿಗೆ ಬರಲಿ ಎಂದು ಶುರು ಮಾಡಿದೆ. ಈಗ ಅನ್ನಿಸುತ್ತಿದೆ, ನನಗೆ ಬೇಕಾಗಿದ್ದದ್ದು ಆ ಬಸ್ಸಲ್ಲ, ಆ ಪಾಸು. ಬೆಳಿಗ್ಗೆ ಮೊದಲು ಬಂದ ಬಸ್ಸನ್ನು, ಅದರ ಹಲಗೆಯ ಮೇಲೆ ಯಾವ ನಿಗಮದ ಹೆಸರಿದೆ ಎಂದು ನೋಡದೆ ಹತ್ತುವ ಹಕ್ಕು.

ಮನವಿಯನ್ನು ಹೀಗೆ ಬರೆದಿದ್ದೇನೆ. ರಾಮನಗರದಿಂದ ನಗರಕ್ಕೆ ಎರಡೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ನಡೆಯುವ ಒಂದೇ ಮಾಸಿಕ ಪಾಸು. ಬೆಳಿಗ್ಗೆ ಮತ್ತು ಸಂಜೆ ಮಾರುಕಟ್ಟೆಗೆ ನೇರ ಬಸ್ಸು, ಉಳಿದ ಹೊತ್ತು ಕೆಂಗೇರಿಯವರೆಗೆ ಹೆಚ್ಚು ಟ್ರಿಪ್. ಕೆಂಗೇರಿಯಿಂದ ಕೊನೆಯ ಬಸ್ಸು ರಾತ್ರಿ ಹತ್ತರ ಮೊದಲು ಹೊರಡಬಾರದು. ಎಲ್ಲ ಬಸ್ಸುಗಳೂ ಹಳೆಯ ರಸ್ತೆಯಲ್ಲೇ, ಮಾಯಗಾನಹಳ್ಳಿ, ಬಸವನಪುರದಲ್ಲಿ ನಿಂತು ಬರಬೇಕು, ಬೈಪಾಸ್ ಹಿಡಿಯಬಾರದು. ರೈಲು ಬರುವ ಹೊತ್ತಿಗೆ ನಿಲ್ದಾಣದ ಬಳಿ ಒಂದು ಬಸ್ಸು. ಕೊನೆಗೆ ಮೇಷ್ಟ್ರು ಹೇಳಿದ ಸಾಲು, ಅವರು ಹೇಳಿದ ಹಾಗೆಯೇ. ಹೊಸೂರಿನ ಗೆಳೆಯರೇ, ನಿಮ್ಮದಕ್ಕೆ ಬೇರೆ ಮನವಿ ಬೇಕಾಗುತ್ತದೆ. ಬರೆಯುವಾಗ ನಾನೂ ಕೈಜೋಡಿಸುತ್ತೇನೆ.

ನಿವೃತ್ತ ಸಂಚಾರ ನಿಯಂತ್ರಕ | ಬುಧವಾರ, ರಾತ್ರಿ 10.10

ಚೆನ್ನಾಗಿದೆ. ಆದರೆ ಬರೀ ಮನವಿ ಕೊಟ್ಟರೆ ಕಡತಕ್ಕೆ ಸೇರುತ್ತದೆ. ಜೊತೆಗೆ ಎಣಿಕೆ ಕೊಡಿ. ಮೂರು ದಿನ ಎಣಿಸಬೇಕು: ಒಂದು ಸೋಮವಾರ, ಒಂದು ಬುಧವಾರ, ಒಂದು ಶನಿವಾರ. ಬೆಳಿಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ಐದರಿಂದ ಹತ್ತು. ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿ: ಬಸ್ಸು ಬಂದ ಸಮಯ, ಹತ್ತಿದವರು, ಜಾಗವಿಲ್ಲದೆ ಉಳಿದವರು, ನಿಲ್ಲಿಸದೆ ಹೋದ ಬಸ್ಸುಗಳು. ಮೂರನೆಯ ಅಂಕಣವೇ ಮುಖ್ಯ. ಹತ್ತಿದವರ ಲೆಕ್ಕ ನಿಗಮಗಳ ಬಳಿ ಇದೆ, ಉಳಿದುಹೋದವರ ಲೆಕ್ಕ ಯಾರ ಬಳಿಯೂ ಇಲ್ಲ. ನಕಲುಗಳನ್ನು ಎರಡೂ ನಿಗಮಗಳಿಗೆ, ಭೂ ಸಾರಿಗೆ ಪ್ರಾಧಿಕಾರಕ್ಕೆ, ಶಾಸಕರಿಗೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಮಗ್ಗದ ಮನೆ | ಗುರುವಾರ, ಬೆಳಿಗ್ಗೆ 6.30

ಹೆಂಗಸರನ್ನು ಬೇರೆಯಾಗಿ ಎಣಿಸಿ.

ನಿವೃತ್ತ ಸಂಚಾರ ನಿಯಂತ್ರಕ | ಗುರುವಾರ, ಬೆಳಿಗ್ಗೆ 6.52

ಸರಿ. ಐದು ಅಂಕಣ.

ಕೆಂಗೇರಿ ಉಪನಗರ | ಗುರುವಾರ, ಬೆಳಿಗ್ಗೆ 7.15

ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಸಂಜೆಯ ಎಣಿಕೆಗೆ ನಾನು ನಿಲ್ಲುತ್ತೇನೆ. ಮನೆ ಹತ್ತಿರವೇ ಇದೆ, ಹತ್ತರವರೆಗೂ ಇರಬಲ್ಲೆ.

ಪ್ಯಾಸೆಂಜರ್ ಗಾಡಿ | ಗುರುವಾರ, ಬೆಳಿಗ್ಗೆ 7.40

ರಾಮನಗರ ರೈಲು ನಿಲ್ದಾಣದ ಹೊರಗೆ ನಾನು. ಸೋಮವಾರ ರಜೆ ಹಾಕಿದ್ದೇನೆ.

ರೇಷ್ಮೆಪೇಟೆಯವನು | ಗುರುವಾರ, ರಾತ್ರಿ 9.25

ಹಾಳೆಗಳನ್ನು ನಾನೇ ಗೀಟು ಹಾಕಿ, ರಟ್ಟಿಗೆ ಅಂಟಿಸಿ ತರುತ್ತೇನೆ. ಮಳೆ ಬಂದರೂ ಹಾಳಾಗುವುದಿಲ್ಲ. ಬೆಳಿಗ್ಗೆ ಐದೂಕಾಲಿಗೆ ರಾಮನಗರ ಬಸ್ ನಿಲ್ದಾಣದ ಚಹಾ ಅಂಗಡಿಯ ಮುಂದೆ ಇರುತ್ತೇನೆ. ಬಿಡದಿಯಲ್ಲಿ ನಿಲ್ಲಲು ಇನ್ನೂ ಒಬ್ಬರು ಬೇಕು.